ಮಂಗಳೂರಿನಿಂದ ಉಡುಪಿಗೆ ಒಂದು ಲಾರಿ ಸರಕು

“ಉಡುಪಿ ಎಂತ ಬೊಂಬಾಯಿಯಾ ಮಾರಾಯ್ರೆ? ಒಂದೂವರೆ ಗಂಟೆಯ ದಾರಿ. ಅದಕ್ಕೆ ಇಷ್ಟು ಬಾಡಿಗೆಯಾ?”

ಮಂಗಳೂರಿನ ಬಂದರು ಪೇಟೆಯ ಯಾವ ಸಗಟು ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳದೆ ಇರದು. ಕೇಳುವವರು ವ್ಯಾಪಾರಿಗಳು, ಕೇಳಿಸಿಕೊಳ್ಳುವವನು ಲಾರಿಯವನು. ವ್ಯಾಪಾರಿಗಳ ಪ್ರಶ್ನೆಯಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು. ಉಡುಪಿಗೆ ಸುಮಾರು 60 ಕಿಲೋಮೀಟರು. ದೂರವು ಆರರಲ್ಲಿ ಒಂದು ಪಾಲಾದರೆ ಬಾಡಿಗೆಯೂ ಆರರಲ್ಲಿ ಒಂದು ಪಾಲಾಗಬೇಕಲ್ಲವೆ? ಆದರೆ ಹಾಗಾಗುವುದಿಲ್ಲ. ಏಕೆ ಆಗುವುದಿಲ್ಲವೆಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಂದೆಯವರು ಇದೇ ದಾರಿಯಲ್ಲಿ ತಮ್ಮ ಒಂದೇ ಲಾರಿಯನ್ನು ತಾವೇ ನಡೆಸುವವರು. ಮೇಲಿನ ಪ್ರಶ್ನೆಗೆ ಅವರು ಇದುವರೆಗೆ ಉತ್ತರ ಕೊಟ್ಟುದನ್ನು ನಾನು ಕಂಡಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಅರ್ಥಶಾಸ್ತ್ರದ ತರಗತಿಯಲ್ಲಿ ಸ್ಥಿರ ವೆಚ್ಚ, ಚರ ವೆಚ್ಚ ಎಂಬ ಎರಡು ಮಾತುಗಳನ್ನು ಕಲಿತ ದಿನ ಆ ಉತ್ತರ ಎಲ್ಲಿದೆಯೆಂದು ನನಗೆ ಹೊಳೆಯಿತು. ಆದುದರಿಂದ ಈ ಬರಹದಲ್ಲಿ ಪಕ್ಷಪಾತವೇನಾದರೂ ಕಂಡರೆ ಓದುಗರು ಮನ್ನಿಸಬೇಕು. ಲೆಕ್ಕದಲ್ಲಿ ಮಾತ್ರ ಪಕ್ಷಪಾತ ಮಾಡಿಲ್ಲ.

ಮೊದಲು ದಾರಿಯ ವಿಚಾರ. ಮಂಗಳೂರನ್ನು ಬಿಟ್ಟು ಉತ್ತರಕ್ಕೆ ಹೊರಟ ಲಾರಿಯು ಕೂಳೂರಿನಲ್ಲಿ ಫಲ್ಗುಣಿ ಎಂಬ ಗುರುಪುರ ಹೊಳೆಯನ್ನು ದಾಟುತ್ತದೆ. ಪಣಂಬೂರು, ಸುರತ್ಕಲ್ಲು ಕಳೆದು ಪಾವಂಜೆಯಲ್ಲಿ ನಂದಿನಿಯನ್ನೂ ಮೂಲ್ಕಿಯಲ್ಲಿ ಶಾಂಭವಿಯನ್ನೂ ದಾಟಿ, ಹೆಜಮಾಡಿ, ಪಡುಬಿದ್ರಿ, ಕಾಪು, ಕಟಪಾಡಿಗಳನ್ನು ಹಿಂದೆ ಹಾಕಿ, ಉದ್ಯಾವರದ ಹೊಳೆಯನ್ನೂ ದಾಟಿದ ಮೇಲೆ ಉಡುಪಿ ಸಿಕ್ಕುತ್ತದೆ. 60 ಕಿಲೋಮೀಟರಿನೊಳಗೆ ನಾಲ್ಕು ಹೊಳೆಗಳು! ಸೇತುವೆಗಳಿಲ್ಲದ ಕಾಲದಲ್ಲಿ ಈ ದಾರಿಯಲ್ಲಿ ಸರಕು ಸಾಗಿಸುವುದೆಂದರೆ ಗಾಡಿಯಿಂದ ಇಳಿಸು, ದೋಣಿಗೆ ಹೇರು, ಆಚೆ ದಡದಲ್ಲಿ ಮತ್ತೆ ಇಳಿಸು, ಮತ್ತೆ ಹೇರು ಎಂಬ ಕೆಲಸವೇ ಆಗಿತ್ತು. ಭಾರದ ಸರಕುಗಳೆಲ್ಲ ಸಮುದ್ರದ ಮೇಲೆ ಮಂಜಿ, ಪತ್ತೆಮಾರಿಗಳಲ್ಲಿ ಹೋಗುತ್ತಿದ್ದುದು ಈ ಕಾರಣದಿಂದಲೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಂಗಳೂರು ಹೆಂಚು ದೂರದೂರದ ಊರುಗಳಿಗೆ ಹೋದುದು ಹಳೆ ಬಂದರಿನ ಧಕ್ಕೆಯಿಂದ. ಸ್ವಾತಂತ್ರ್ಯ ಬಂದ ಮೇಲೆ ಹೊಳೆಗಳಿಗೆ ಸೇತುವೆಗಳಾದವು. ಈ ಕರಾವಳಿಗೆ ಹೆದ್ದಾರಿ, ಬಂದರು, ವಿಮಾನ ನಿಲ್ದಾಣಗಳು ಬರಲು ಸಂಸತ್ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಪಟ್ಟ ಶ್ರಮವನ್ನು ಇಲ್ಲಿನ ಹಿರಿಯರು ಈಗಲೂ ನೆನೆಯುತ್ತಾರೆ. ಬಹುಕಾಲ 17ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಈ ರಸ್ತೆಗೆ 2010ರ ಮರುಸಂಖ್ಯೆಯಿಂದ 66 ಎಂಬ ಅಂಕೆ ಬಂದಿದೆ. ಪಣಂಬೂರಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ದೊಡ್ಡ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟಿತವಾಯಿತು. ಆ ಮೇಲೆ ಈ ರಸ್ತೆಯಲ್ಲಿ ಲಾರಿಗಳ ಸಾಲು ಬೆಳೆಯುತ್ತಲೇ ಬಂದಿದೆ.

ರೈಲು ಇಲ್ಲವೇ ಎಂದು ಕೇಳಬಹುದು. ಇದೆ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ದಕ್ಷಿಣದ ಕಡೆಯಿಂದ. ಉಡುಪಿಯು ಮಾತ್ರ ರೈಲಿನ ಸದ್ದನ್ನು ಕೇಳಲು 1993ರ ವರೆಗೆ ಕಾಯಬೇಕಾಯಿತು. ಕೊಂಕಣ ರೈಲ್ವೆಯ ತೋಕೂರು–ಉಡುಪಿ ಭಾಗ ಆ ವರ್ಷ ತೆರೆಯಿತು. ಆದರೆ ರೈಲಿನ ಗುಣವೇ ಬೇರೆ. ಅಂಗಡಿಯಿಂದ ನಿಲ್ದಾಣಕ್ಕೆ ಒಂದು ಟೆಂಪೋ, ನಿಲ್ದಾಣದಲ್ಲಿ ವ್ಯಾಗನ್ನಿಗೆ ಹೇರುವ ಕೂಲಿ, ಉಡುಪಿಯಲ್ಲಿ ಇಳಿಸುವ ಕೂಲಿ, ಅಲ್ಲಿಂದ ಅಂಗಡಿಗೆ ಇನ್ನೊಂದು ಟೆಂಪೋ—ಹೀಗೆ 60 ಕಿಲೋಮೀಟರಿಗೆ ಮೂರು ಸಾರಿ ಹೇರಿ ಮೂರು ಸಾರಿ ಇಳಿಸಬೇಕಾಗುತ್ತದೆ. ರೈಲಿನಲ್ಲಿ ಉಳಿದ ಹಣ ಕೂಲಿಯಲ್ಲಿ ಹೋಗುತ್ತದೆ. ಸರಕು ಒಂದೇ ಬಗೆಯದಾಗಿ ರಾಶಿ ರಾಶಿಯಾಗಿದ್ದರೆ ಮಾತು ಬೇರೆ. ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಪಣಂಬೂರು ಬಂದರಿನಿಂದ ಕಲ್ಲಿದ್ದಲು ರೈಲಿನಲ್ಲಿಯೇ ಹೋಗುತ್ತದೆ. ಅಲ್ಲಿ ಹೇರುವ ತಾಣವೂ ಒಂದೇ, ಇಳಿಸುವ ತಾಣವೂ ಒಂದೇ. ಆದರೆ ಉಡುಪಿಯ ಪೇಟೆಯ ಅಂಗಡಿಗಳಿಗೆ ಇಪ್ಪತ್ತು ಮೂಟೆ ಸಕ್ಕರೆ, ನೂರು ಚೀಲ ಸಿಮೆಂಟು, ಹತ್ತು ಕಟ್ಟು ಕಬ್ಬಿಣದ ಸರಳು ಬೇಕಾದಾಗ, ಬಾಗಿಲಿನಿಂದ ಬಾಗಿಲಿಗೆ ಹೋಗಬಲ್ಲ ಲಾರಿಯನ್ನು ಬಿಟ್ಟು ಬೇರೆ ಗತಿಯಿಲ್ಲ.

ಕೊಂಕಣ ರೈಲ್ವೆಯು 1999ರಲ್ಲಿ ಲಾರಿಗಳನ್ನೇ ಸರಕಿನ ಸಮೇತ ರೈಲಿನ ಮೇಲೆ ಹತ್ತಿಸಿಕೊಂಡು ಹೋಗುವ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಸುರತ್ಕಲ್ಲಿನಲ್ಲಿ ಲಾರಿಗಳು ಸಾಲಾಗಿ ರೈಲನ್ನು ಏರುವ ದೃಶ್ಯವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಆದರೆ ಅದು ಮಹಾರಾಷ್ಟ್ರದ ಕಡೆಗೆ ಹೋಗುವ ದೂರ ಪ್ರಯಾಣದ ಲಾರಿಗಳಿಗೆ. ಉಡುಪಿಗೆ ಹೋಗುವ ಲಾರಿಯು ರೈಲನ್ನು ಹತ್ತಿ ಇಳಿಯುವಷ್ಟರಲ್ಲಿ ರಸ್ತೆಯ ಮೇಲೆಯೇ ಹೋಗಿ ಬಂದಿರುತ್ತದೆ.

ಇನ್ನು ಸರಕುಗಳ ವಿಚಾರ. ಮಂಗಳೂರಿನಲ್ಲಿ ಬಂದರಿದೆ, ಹಳೆಯ ರೈಲು ನಿಲ್ದಾಣವಿದೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶವಿದೆ, ಸಗಟು ಪೇಟೆಯಿದೆ. ಆದುದರಿಂದ ಸಿಮೆಂಟು, ಕಬ್ಬಿಣ, ಗೊಬ್ಬರ, ಎಣ್ಣೆ, ಸಕ್ಕರೆ, ಬೇಳೆಕಾಳು, ಬಣ್ಣದ ಡಬ್ಬಿ, ಔಷಧಿ ಮುಂತಾದವು ಅಲ್ಲಿಂದ ಉಡುಪಿಗೆ ಬರುತ್ತವೆ. ಉಡುಪಿಯ ಕಡೆಯಿಂದ ಮಂಗಳೂರಿಗೆ ಹೋಗುವುದು ಮಲ್ಪೆಯ ಮೀನು, ಮಿಲ್ಲುಗಳ ಕುಚ್ಚಲಕ್ಕಿ, ಗೇರುಬೀಜ, ತೆಂಗಿನಕಾಯಿ, ಅಡಕೆ. ಪಟ್ಟಿಯಲ್ಲಿ ಎರಡೂ ಕಡೆ ಸಮನಾಗಿ ಕಂಡರೂ ಲಾರಿಗಳ ಲೆಕ್ಕದಲ್ಲಿ ಸಮನಾಗಿಲ್ಲ. ಮೀನಿಗೆ ಬೇರೆಯೇ ಗಾಡಿ ಬೇಕು. ಸಿಮೆಂಟು ಇಳಿಸಿದ ಲಾರಿಯಲ್ಲಿ ಮೀನು ಹಾಕುವಂತಿಲ್ಲ, ಮೀನಿನ ಲಾರಿಯಲ್ಲಿ ಸಕ್ಕರೆ ಹಾಕುವಂತಿಲ್ಲ. ಗೇರುಬೀಜ, ಅಡಕೆಗಳು ವರ್ಷದ ಕೆಲವು ತಿಂಗಳ ವ್ಯವಹಾರ. ಹೀಗಾಗಿ ಉತ್ತರಕ್ಕೆ ತುಂಬಿಕೊಂಡು ಹೋದ ಲಾರಿಗಳಲ್ಲಿ ಅನೇಕವು ದಕ್ಷಿಣಕ್ಕೆ ಬರಿದಾಗಿ ಮರಳುತ್ತವೆ. ಈ ಬರಿ ಲಾರಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಲೆಕ್ಕದಲ್ಲಿ ಅದು ಮತ್ತೆ ಬರುತ್ತದೆ.

ಈ ದಾರಿಯಲ್ಲಿ ಓಡುವ ಗಾಡಿಗಳು ಮುಖ್ಯವಾಗಿ ಎರಡು ಬಗೆ. ಚಿಕ್ಕವು ಟೆಂಪೋಗಳು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ನಾಲ್ಕು ಚಕ್ರದ ಗಾಡಿ ಬಂದ ಮೇಲೆ ಇವುಗಳ ಸಂಖ್ಯೆ ತುಂಬ ಹೆಚ್ಚಿತು. ಸರಕು ಸೇರಿ ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ಗಾಡಿಗೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟ್ಟು ಬೇಕಾಗಿಲ್ಲ. ಊರೊಳಗಿನ ಇಕ್ಕಟ್ಟಾದ ಬೀದಿಗಳಿಗೂ ಅವು ನುಗ್ಗಬಲ್ಲವು. ದೊಡ್ಡವು ಎರಡು ಅಚ್ಚಿನ ಲಾರಿಗಳು: ಮುಂದೆ ಎರಡು, ಹಿಂದೆ ನಾಲ್ಕು ಚಕ್ರ. ಇಂತಹ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರ ಜುಲೈಯಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಲಾಯಿತು. ಲಾರಿಯ ಸ್ವಂತ ತೂಕವನ್ನು ಕಳೆದರೆ ಹತ್ತು ಟನ್ನಿಗೆ ಮೇಲ್ಪಟ್ಟು ಸರಕು ಹೇರಬಹುದು. ಅಂದರೆ 50 ಕಿಲೋಗ್ರಾಮಿನ 200 ಚೀಲ ಸಿಮೆಂಟು. ಮಿತಿ ಮೀರಿದರೆ ದಂಡ ಕಠಿಣವಾದುದು. 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿಯೊಂದು ಟನ್ನಿಗೆ 2,000 ರೂಪಾಯಿ. ಬರಿದಾಗಿ ಮರಳುವ ನಷ್ಟವನ್ನು ತುಂಬಿಕೊಳ್ಳಲು ಹೋಗುವಾಗಲೇ ಎರಡು ಟನ್ ಹೆಚ್ಚು ಹೇರುವ ಆಸೆ ಲಾರಿಯವನಿಗೆ ಹುಟ್ಟುವುದು ಸಹಜ. ಆ ಆಸೆಗೆ ಬ್ರೇಕು, ಟಯರು, ರಸ್ತೆ ಮೂರೂ ಬಲಿಯಾಗುತ್ತವೆ.

ಒಂದು ಲೋಡಿನ ದಿನಚರಿಯನ್ನು ಈಗ ನೋಡೋಣ. ವ್ಯಾಪಾರಿಯು ನೇರವಾಗಿಯೋ ಬ್ರೋಕರನ ಮೂಲಕವೋ ಲಾರಿಯನ್ನು ಗೊತ್ತುಮಾಡುತ್ತಾನೆ. ಬ್ರೋಕರನಿಗೆ ಅವನ ಪಾಲಿನ ದಳ್ಳಾಳಿ ಸಲ್ಲಬೇಕು. ಬೆಳಿಗ್ಗೆ ಲಾರಿಯು ಗೋದಾಮಿನ ಬಾಗಿಲಿಗೆ ಬಂದು ಸರದಿಯಲ್ಲಿ ನಿಲ್ಲುತ್ತದೆ. ತಲೆಹೊರೆ ಕಾರ್ಮಿಕರ ಒಂದು ತಂಡ ಬಂದು ಚೀಲಗಳನ್ನು ಹೇರುತ್ತದೆ. ಆಳುಗಳು ಸಿದ್ಧರಿದ್ದರೆ ಇದು ಒಂದು ಗಂಟೆಯ ಕೆಲಸ. ಅವರು ಬೇರೆ ಲಾರಿಯಲ್ಲಿದ್ದರೆ ಮೂರು ಗಂಟೆಯೂ ಆಗಬಹುದು. ಆ ಮೇಲೆ ಟರ್ಪಾಲು ಹೊದಿಸಿ ಹಗ್ಗ ಬಿಗಿಯುವುದು. ಇದನ್ನು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಟರ್ಪಾಲಿನ ಒಂದು ತೂತು ಎಂದರೆ ನಾಲ್ಕು ಚೀಲ ಸಿಮೆಂಟು ಕಲ್ಲಾದಂತೆ. ಕಲ್ಲಾದ ಚೀಲದ ಬೆಲೆ ಬಾಡಿಗೆಯಲ್ಲಿ ಕಡಿತವಾಗುತ್ತದೆ.

ಬಳಿಕ ಕಾಗದಪತ್ರ. ಸರಕಿನ ಬಿಲ್ಲು, ಸಾಗಣೆಯ ರಸೀತಿ, ಗಾಡಿಯ ದಾಖಲೆಗಳು, ಇವುಗಳ ಜೊತೆಗೆ ಈಗ ಇ-ವೇ ಬಿಲ್ಲು. ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಬಂದಿತು. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕಿಗೆ ಇ-ವೇ ಬಿಲ್ಲು ಬೇಕೆಂಬ ನಿಯಮ 2018ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನು ಅನ್ವಯಿಸಿದ ರಾಜ್ಯ ನಮ್ಮ ಕರ್ನಾಟಕ. ಹಿಂದೆ 100 ಕಿಲೋಮೀಟರಿಗೆ ಒಂದು ದಿನ ಎಂದಿದ್ದ ಈ ಬಿಲ್ಲಿನ ಅವಧಿಯು 2021ರ ಜನವರಿ 1ರಿಂದ 200 ಕಿಲೋಮೀಟರಿಗೆ ಒಂದು ದಿನ ಎಂದಾಗಿದೆ. ಉಡುಪಿಗೆ ಹೋಗುವ ಸರಕಿಗೆ ದೊರೆಯುವುದು ಆ ಒಂದೇ ದಿನ. ಹೆದ್ದಾರಿಯಲ್ಲಿ ಹೆಜಮಾಡಿಯ ಟೋಲು ಗೇಟಿದೆ. ಸುರತ್ಕಲ್ಲಿನಲ್ಲಿದ್ದ ಗೇಟು ಜನರ ಹೋರಾಟದ ಫಲವಾಗಿ 2022ರ ಡಿಸೆಂಬರ್ 1ರಿಂದ ನಿಂತಿತು. 24 ಗಂಟೆಯೊಳಗೆ ಮರಳುವ ಗಾಡಿಗೆ ಹೋಗಿಬರುವುದಕ್ಕೆ ಸೇರಿಸಿ ಒಂದೂವರೆ ಪಾಲು ಸುಂಕ. ಹೊತ್ತು ಮೀರಿದರೆ ಎರಡು ಪಾಲು. ಹೀಗೆ ಕಾಗದವೂ ಸುಂಕವೂ ಎರಡೂ ಗಡಿಯಾರವನ್ನು ನೋಡುತ್ತಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಲಾರಿಗೆ ಎರಡು ಬಗೆಯ ಖರ್ಚುಗಳಿವೆ. ಓಡಿದಾಗ ಮಾತ್ರ ಆಗುವ ಖರ್ಚು ಒಂದು: ಡೀಸೆಲು, ಟಯರು, ಎಣ್ಣೆ, ರಿಪೇರಿ. ಓಡಲಿ ಬಿಡಲಿ ಆಗುವ ಖರ್ಚು ಇನ್ನೊಂದು: ಬ್ಯಾಂಕಿನ ಸಾಲದ ಕಂತು, ವಿಮೆ, ತೆರಿಗೆ, ಚಾಲಕನ ಸಂಬಳ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯು ಲಾರಿಗೂ ಸಲ್ಲುತ್ತದೆ. ಸುಲಭವಾಗಿ ತಿಳಿಯಲೆಂದು ಓಡುವ ಖರ್ಚು ಕಿಲೋಮೀಟರಿಗೆ 28 ರೂಪಾಯಿ, ನಿಂತ ಖರ್ಚು ದಿನಕ್ಕೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕೆಗಳು. ಲಾರಿಯಿಂದ ಲಾರಿಗೆ ಇವು ಬದಲಾಗುತ್ತವೆ. ಬರಿದಾದ ಲಾರಿಗೆ ಡೀಸೆಲು ಸ್ವಲ್ಪ ಕಡಮೆ ಸಾಕಾಗುವುದನ್ನೂ ಟೋಲು, ಕೂಲಿ, ದಳ್ಳಾಳಿಗಳನ್ನೂ ಸದ್ಯಕ್ಕೆ ಬಿಟ್ಟಿದ್ದೇನೆ.

ಬೆಂಗಳೂರಿಗೆ ಹೊರಟ ಲಾರಿಯು ಸಂಜೆ ಹೊರಟು ಮರುದಿನ ಇಳಿಸಿ, ಅಲ್ಲಿಂದ ಬೇರೆ ಸರಕು ತುಂಬಿಕೊಂಡು ಮರಳುವುದೆಂದು ಇಟ್ಟುಕೊಳ್ಳೋಣ. ಒಂದು ಕಡೆಯ ಪ್ರಯಾಣಕ್ಕೆ ಒಂದು ದಿನ. ಓಡಿದ ಖರ್ಚು 9,800. ನಿಂತ ಖರ್ಚು 3,000. ಒಟ್ಟು 12,800 ರೂಪಾಯಿ. ಕಿಲೋಮೀಟರಿಗೆ ಸುಮಾರು 37 ರೂಪಾಯಿ ಬಿದ್ದಿತು.

ಉಡುಪಿಗೆ ಹೊರಟ ಲಾರಿಯು ಬೆಳಿಗ್ಗೆ ಹೇರಿ, ಮಧ್ಯಾಹ್ನ ತಲುಪಿ, ಸಂಜೆಯವರೆಗೆ ಕಾದು, ಇಳಿಸಿ, ರಾತ್ರಿ ಬರಿದಾಗಿ ಮರಳುತ್ತದೆ. ಓಡಿದ್ದು 120 ಕಿಲೋಮೀಟರು, ಖರ್ಚು 3,360. ನಿಂತ ಖರ್ಚು ಅದೇ 3,000. ಒಟ್ಟು 6,360 ರೂಪಾಯಿ. ಸರಕು ಸಾಗಿದ್ದು 60 ಕಿಲೋಮೀಟರು ಮಾತ್ರ. ಅಂದರೆ ಕಿಲೋಮೀಟರಿಗೆ 106 ರೂಪಾಯಿ! ದೂರ ಆರರಲ್ಲೊಂದು ಪಾಲಾದರೂ ಖರ್ಚು ಸರಿಸುಮಾರು ಅರ್ಧವಾಯಿತು. ವ್ಯಾಪಾರಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಬಾರದು. ಅದೇ ಲಾರಿಗೆ ಉಡುಪಿಯಿಂದ ಮರಳುವಾಗ ಅಕ್ಕಿಯ ಲೋಡು ಸಿಕ್ಕಿತೆನ್ನಿ. ಆಗ 6,360 ರೂಪಾಯಿ ಎರಡು ಲೋಡುಗಳಿಗೆ ಹಂಚಿಹೋಗಿ ಒಂದಕ್ಕೆ 3,180 ಆಗುತ್ತದೆ. ಇನ್ನೂ ಮುಂದೆ ಹೋಗೋಣ. ಹೇರುವ, ಇಳಿಸುವ ಪ್ರತಿಯೊಂದು ಕಡೆಯೂ ಒಂದೇ ಗಂಟೆಯಲ್ಲಿ ಕೆಲಸ ಮುಗಿಯಿತೆನ್ನಿ. ಹೋಗುವ ಹಾದಿ ಒಂದೂವರೆ ಗಂಟೆ, ಬರುವ ಹಾದಿ ಒಂದೂವರೆ ಗಂಟೆ, ಹೇರಿಳಿಸಲು ನಾಲ್ಕು ಗಂಟೆ. ಒಟ್ಟು ಏಳು ಗಂಟೆ. ಬೆಳಿಗ್ಗೆ 6ರಿಂದ ರಾತ್ರಿ 8ರೊಳಗೆ ಇಂತಹ ಎರಡು ಸುತ್ತುಗಳಾಗುತ್ತವೆ. ಒಬ್ಬನೇ ಚಾಲಕ 14 ಗಂಟೆ ದುಡಿಯುವುದು ತರವಲ್ಲ; ಎರಡನೆಯ ಸುತ್ತಿಗೆ ಇನ್ನೊಬ್ಬನನ್ನು ಇಟ್ಟು ಅವನಿಗೆ 1,000 ರೂಪಾಯಿ ಕೊಡೋಣ. ಓಡಿದ ಖರ್ಚು 6,720, ನಿಂತ ಖರ್ಚು 4,000, ಒಟ್ಟು 10,720. ಸಾಗಿದ್ದು ನಾಲ್ಕು ಲೋಡು. ಒಂದು ಲೋಡಿಗೆ 2,680 ರೂಪಾಯಿ. ಇದು ಬೆಂಗಳೂರಿನ 12,800ರ ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಬಂದಿತು. ವ್ಯಾಪಾರಿಯು ಬಯಸಿದ ಆರರಲ್ಲೊಂದು ಪಾಲಿಗೆ ಇದು ದೂರವಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, 6,360 ಇದ್ದುದು 2,680ಕ್ಕೆ ಇಳಿಯಲು ನಾವು ರಸ್ತೆಯನ್ನು ಅಗಲ ಮಾಡಲಿಲ್ಲ, ಲಾರಿಯನ್ನು ವೇಗವಾಗಿ ಓಡಿಸಲಿಲ್ಲ, ಡೀಸೆಲಿನ ಬೆಲೆಯನ್ನು ಇಳಿಸಲಿಲ್ಲ. ಲಾರಿ ನಿಲ್ಲುವ ಹೊತ್ತನ್ನು ಕಡಮೆ ಮಾಡಿದೆವು, ಮರಳುವಾಗ ಸರಕು ಹುಡುಕಿದೆವು, ಅಷ್ಟೆ. ಹತ್ತಿರದ ಊರಿನ ಸಾಗಣೆಯ ಬೆಲೆಯು ಹೆದ್ದಾರಿಗಿಂತ ಹೆಚ್ಚಾಗಿ ಗೋದಾಮಿನ ಬಾಗಿಲಲ್ಲಿ ನಿರ್ಧಾರವಾಗುತ್ತದೆ. ದೂರದ ಪ್ರಯಾಣದಲ್ಲಿ ಬಾಗಿಲಲ್ಲಿ ಕಳೆದ ಎರಡು ಗಂಟೆಯು 350 ಕಿಲೋಮೀಟರುಗಳಲ್ಲಿ ಕರಗಿಹೋಗುತ್ತದೆ. ಹತ್ತಿರದ ಪ್ರಯಾಣದಲ್ಲಿ ಅದೇ ಎರಡು ಗಂಟೆಯು ಎರಡನೆಯ ಸುತ್ತನ್ನೇ ನುಂಗಿಬಿಡುತ್ತದೆ.

ಇದು ಪುಸ್ತಕದ ಮಾತಲ್ಲವೆಂದು ತೋರಿಸಲು ಒಂದು ಅನುಭವವನ್ನು ಹೇಳುತ್ತೇನೆ. ಕಳೆದ ಮಳೆಗಾಲದ ಒಂದು ಶನಿವಾರ ನನ್ನ ತಂದೆಯವರು ಸಿಮೆಂಟು ಹೇರಿಕೊಂಡು ಉಡುಪಿಯ ಹತ್ತಿರದ ಒಂದು ಗೋದಾಮಿಗೆ ಹೋದರು. ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮಳೆ ಜೋರಾಗಿದ್ದುದರಿಂದ ಟರ್ಪಾಲು ತೆಗೆಯುವಂತಿರಲಿಲ್ಲ. ನಾಲ್ಕು ಗಂಟೆಗೆ ಮಳೆ ಬಿಟ್ಟಿತು. ಆದರೆ ಆಳುಗಳು ಹೊರಟುಹೋಗಿದ್ದರು. ಮರುದಿನ ಭಾನುವಾರ, ಬಾಗಿಲಿಗೆ ಬೀಗ. ಲಾರಿಯನ್ನು ಬಿಟ್ಟು ಬರಲು ಧೈರ್ಯವಿಲ್ಲ. ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಹಿಡಿದುಕೊಂಡು ಭಾನುವಾರ ನಾನು ಬಸ್ಸಿನಲ್ಲಿ ಹೋದೆ. ಕ್ಯಾಬಿನ್ನಿನಲ್ಲಿ ಒದ್ದೆ ಪಂಚೆಯನ್ನು ಒಣಹಾಕಿಕೊಂಡು ಕುಳಿತಿದ್ದರು. ಇ-ವೇ ಬಿಲ್ಲಿನ ಅವಧಿಯು ಆ ರಾತ್ರಿ ಮುಗಿಯುವುದೆಂದು ಅವರಿಗೆ ಚಿಂತೆ. ಅವಧಿ ಮೀರುವ 8 ಗಂಟೆ ಮುಂಚೆಯಿಂದ ಮೀರಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಬಹುದೆಂದು ನಾನು ಓದಿ ತಿಳಿದಿದ್ದೆ. ಸಾಗಣೆ ಕಚೇರಿಯವರಿಗೆ ಫೋನು ಮಾಡಿ ಮಾಡಿಸಿದೆವು. ನಾನು ಕಲಿತ ನಾಲ್ಕಕ್ಷರ ಮನೆಯ ಕೆಲಸಕ್ಕೆ ಬಂದುದು ಅಂದೇ ಮೊದಲು. ಸೋಮವಾರ ಹನ್ನೊಂದು ಗಂಟೆಗೆ ಲಾರಿ ಖಾಲಿಯಾಯಿತು. ಬಾಡಿಗೆ? ಶನಿವಾರ ಗೊತ್ತುಮಾಡಿದ್ದೇ. ನಿಂತ ಎರಡು ದಿನಕ್ಕೆ ಏನೂ ಇಲ್ಲ. “ಹಾಲ್ಟಿಂಗ್ ಕೇಳಬಾರದಾ ಅಪ್ಪ?” ಎಂದೆ. “ಕೇಳಿದರೆ ಮುಂದಿನ ಲೋಡು ಬೇರೆಯವರಿಗೆ” ಎಂದರು.

ಆ ಬಳಿಕ ಒಂದು ತಿಂಗಳು ಅವರ ಕಿಸೆಯ ಪುಸ್ತಕದಲ್ಲಿ ಹೊರಟ ಹೊತ್ತು, ತಲುಪಿದ ಹೊತ್ತು, ಖಾಲಿಯಾದ ಹೊತ್ತುಗಳನ್ನು ಬರೆದಿಡಲು ಹೇಳಿದೆ. ತಿಂಗಳ ಕೊನೆಯಲ್ಲಿ ಕೂಡಿಸಿ ನೋಡಿದಾಗ ಓಡಿದ ಗಂಟೆಗಳಿಗಿಂತ ನಿಂತ ಗಂಟೆಗಳೇ ಹೆಚ್ಚಾಗಿದ್ದುವು. ತಂದೆಯವರಿಗೆ ಆಶ್ಚರ್ಯವಾಗಲಿಲ್ಲ, ನನಗೆ ಆಯಿತು.

ಮಳೆ, ಭಾನುವಾರ ಇವೆಲ್ಲ ಇದ್ದದ್ದೇ, ಇದಕ್ಕೆ ಮದ್ದಿಲ್ಲವೆಂದು ಕೆಲವರು ಹೇಳಬಹುದು. ಅವರು ಒಮ್ಮೆ ಮೀನಿನ ಸಾಗಣೆಯನ್ನು ನೋಡಬೇಕು. ಮಲ್ಪೆಯಲ್ಲಿ ದೋಣಿ ದಡಕ್ಕೆ ತಾಗುವ ಮೊದಲೇ ಗಾಡಿ ಸಿದ್ಧವಾಗಿರುತ್ತದೆ, ಮಂಜುಗಡ್ಡೆ ಸಿದ್ಧವಾಗಿರುತ್ತದೆ, ಆಳುಗಳು ಸಿದ್ಧರಾಗಿರುತ್ತಾರೆ. ಗಾಡಿ ಹೋಗಿ ತಲುಪಿದಲ್ಲಿಯೂ ಅಷ್ಟೆ. ನಡುರಾತ್ರಿಯಾದರೂ ಬೆಳಗಿನ ಜಾವವಾದರೂ ಕೈಗಳು ಕಾದಿರುತ್ತವೆ. ಕಾರಣವಿಷ್ಟೆ: ಮೀನು ಕಾಯುವುದಿಲ್ಲ. ತಡವಾದರೆ ನಷ್ಟವು ವ್ಯಾಪಾರಿಯ ಮೈಮೇಲೆ ಬರುತ್ತದೆ. ಸಿಮೆಂಟು ಕಾಯುತ್ತದೆ, ಅದು ಕಾಯುವ ಖರ್ಚು ಲಾರಿಯವನ ಮೈಮೇಲೆ ಬರುತ್ತದೆ. ಆದುದರಿಂದ ಒಂದು ಕಡೆ ಸಿದ್ಧವಾಗುವ ಬಾಗಿಲು ಇನ್ನೊಂದು ಕಡೆ ಸಿದ್ಧವಾಗುವುದಿಲ್ಲ. ಮೀನಿನ ಗಾಡಿಯವರಿಗೂ ಅವರದೇ ಆದ ಕಷ್ಟವಿದೆಯೆನ್ನುವುದನ್ನು ಮರೆಯಬಾರದು. ಜೂನ್ 1ರಿಂದ ಜುಲೈ 31ರ ವರೆಗೆ, ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಅವರಲ್ಲಿ ಅನೇಕರ ಗಾಡಿಗಳು ಮನೆಯಂಗಳದಲ್ಲಿರುತ್ತವೆ. ಬ್ಯಾಂಕಿನ ಕಂತಿಗೆ ಮಾತ್ರ ನಿಷೇಧವಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2007ರಲ್ಲಿ ರಸ್ತೆ ಸಾಗಣೆಯ ಹೊಸ ಕಾಯಿದೆಯೊಂದು ಆಯಿತು. 2011ರಲ್ಲಿ ಜಾರಿಗೆ ಬಂದಿತು. ಸರಕು ಹಾಳಾದರೆ ಸಾಗಣೆ ಸಂಸ್ಥೆಯ ತಪ್ಪನ್ನು ವ್ಯಾಪಾರಿಯು ಸಾಧಿಸಿ ತೋರಿಸಬೇಕಾಗಿಲ್ಲ. ಹಾನಿಯಾದುದನ್ನು ತೋರಿಸಿದರೆ ಸಾಕು. ಆದರೆ ಸರಕು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿರದಿದ್ದರೆ ಪರಿಹಾರವು ಬಾಡಿಗೆಯ ಹತ್ತು ಪಟ್ಟಿಗೆ ಮಿತವಾಗಿರುತ್ತದೆ. ಈ ಮಾತು ಅನೇಕ ಚಿಕ್ಕ ವ್ಯಾಪಾರಿಗಳಿಗೆ ಗೊತ್ತಿಲ್ಲ. ಬಾಡಿಗೆ ಕಡಮೆಯಾದ ಹತ್ತಿರದ ಸಾಗಣೆಯಲ್ಲಿ ಆ ಹತ್ತು ಪಟ್ಟೂ ಸಣ್ಣದಾಗಿರುವುದರಿಂದ, ಬೆಲೆಬಾಳುವ ಸರಕು ಕಳುಹಿಸುವವರು ಬೆಲೆಯನ್ನು ಬರೆಸುವುದು ಒಳ್ಳೆಯದು. ಚಾಲಕರ ದುಡಿಮೆಯ ಹೊತ್ತಿನ ವಿಷಯದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತು. ಆದರೆ ಆ ಕಾಯಿದೆಯನ್ನು ಮಾಡಿದುದು ಐದು ಅಥವಾ ಹೆಚ್ಚು ಕಾರ್ಮಿಕರುಳ್ಳ ಸಂಸ್ಥೆಗಳಿಗೆ. ತನ್ನ ಲಾರಿಯನ್ನು ತಾನೇ ನಡೆಸುವವನ ಗಂಟೆಗಳನ್ನು ಎಣಿಸುವವರು ಯಾರೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಮೊದಲನೆಯದು, ಗೋದಾಮಿನವರು ಲಾರಿಗಳಿಗೆ ಹೊತ್ತು ಗೊತ್ತುಮಾಡಿಕೊಡುವುದು. ಹತ್ತು ಲಾರಿಗಳನ್ನು ಬೆಳಿಗ್ಗೆ ಒಂಬತ್ತಕ್ಕೇ ಕರೆಸಿ ಸಾಲು ನಿಲ್ಲಿಸುವ ಬದಲು ಎರಡೆರಡಾಗಿ ಕರೆಸಿದರೆ ಕಾರ್ಮಿಕರಿಗೂ ನಿರಾಳ, ಲಾರಿಗೂ ಎರಡನೆಯ ಸುತ್ತಿಗೆ ಅವಕಾಶ. ಎರಡನೆಯದು, ಇಳಿಸುವ ಕಟ್ಟೆಗೆ ಒಂದು ಮಾಡು ಹಾಕಿಸುವುದು. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಮಾಡಿಲ್ಲದ ಇಳಿಕಟ್ಟೆಯು ಇರಬಾರದ ವಸ್ತು. ಮೂರನೆಯದು, ನಿಂತ ಹೊತ್ತಿನ ಬಾಡಿಗೆಯನ್ನು ಸಾಗಣೆಯ ಚೀಟಿಯಲ್ಲಿಯೇ ಮೊದಲು ಬರೆಯುವುದು. ಇಷ್ಟು ಗಂಟೆಯವರೆಗೆ ಉಚಿತ, ಆ ಮೇಲೆ ಗಂಟೆಗೆ ಇಷ್ಟು ಎಂದಿದ್ದರೆ ಕೇಳುವವನಿಗೆ ಸಂಕೋಚವಿಲ್ಲ, ಕೊಡುವವನಿಗೆ ಕೋಪವಿಲ್ಲ. ಒಬ್ಬ ಲಾರಿಯವನು ಕೇಳಿದರೆ ಅವನ ಲೋಡು ಹೋಗುತ್ತದೆ; ಲಾರಿ ಮಾಲೀಕರ ಸಂಘವೂ ವರ್ತಕರ ಸಂಘವೂ ಕೂಡಿ ಒಪ್ಪಿದರೆ ಯಾರ ಲೋಡೂ ಹೋಗುವುದಿಲ್ಲ. ನಾಲ್ಕನೆಯದು, ಮರಳುವ ಲಾರಿಗಳಿಗೆ ಸರಕಿನ ಸುದ್ದಿ ತಲುಪಿಸುವುದು. ಉಡುಪಿಯಲ್ಲಿ ಯಾವ ಮಿಲ್ಲಿನಲ್ಲಿ ಎಷ್ಟು ಚೀಲ ಅಕ್ಕಿ ಮಂಗಳೂರಿಗೆ ಹೋಗಲಿದೆಯೆಂದು ಹಿಂದಿನ ದಿನವೇ ತಿಳಿದರೆ ಬರಿ ಲಾರಿಗಳು ಕಡಮೆಯಾಗುತ್ತವೆ. ಎಲ್ಲರ ಕಿಸೆಯಲ್ಲಿಯೂ ಫೋನಿರುವ ಈ ಕಾಲದಲ್ಲಿ ಇದು ಕಷ್ಟದ ಕೆಲಸವಲ್ಲ.

ಇವುಗಳಿಂದ ಲಾಭ ಲಾರಿಯವನೊಬ್ಬನಿಗೇ ಅಲ್ಲ. ಬಾಡಿಗೆಯಲ್ಲಿ ಉಳಿದ ಹಣವು ಸಿಮೆಂಟಿನ ಚೀಲದ ಬೆಲೆಯಲ್ಲಿ ಇಳಿಯಬಹುದು. ಮನೆ ಕಟ್ಟುವವನಿಗೆ ತಲುಪಬಹುದು. ಬರಿದಾಗಿ ಓಡುವ ಲಾರಿ ಕಡಮೆಯಾದರೆ ಸುಡುವ ಡೀಸೆಲು ಕಡಮೆ, ಹೆದ್ದಾರಿಯ ದಟ್ಟಣೆ ಕಡಮೆ. ನಿದ್ದೆಗೆಟ್ಟ ಚಾಲಕ ಕಡಮೆಯಾದರೆ ಆ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮೆಲ್ಲರಿಗೂ ಕ್ಷೇಮ.

ಈ ಲೆಕ್ಕವನ್ನೆಲ್ಲ ಬರೆದು ಮುಗಿಸಿದ ಮೇಲೆ ತಂದೆಯವರಿಗೆ ಓದಿ ಹೇಳಿದೆ. ಕಿಲೋಮೀಟರಿಗೆ 106 ರೂಪಾಯಿ ಎಂಬಲ್ಲಿ ತಡೆದು ಇನ್ನೊಮ್ಮೆ ಓದಿಸಿದರು. ಕೊನೆಗೆ, “ಇದನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡು. ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುತ್ತೇನೆ. ಇನ್ನು ಯಾರಾದರೂ ಉಡುಪಿ ಎಷ್ಟು ದೂರವೆಂದು ಕೇಳಿದರೆ ತೋರಿಸಬಹುದು” ಎಂದರು. ಬರೆದುಕೊಟ್ಟಿದ್ದೇನೆ.